ಕೈಗೆ ಬಂದ ಪಾಠ

ಆದವಾನಿ

ಪ್ರೀತಿಯ ಈಶ್ವರಿ,

ಎಷ್ಟು ಸಲ ಫೋನ್ ಮಾಡಿದರೂ ನೀನು ಎತ್ತುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ನಿನ್ನ ತಮ್ಮ ಉರುಕುಂದ ಹತ್ತಿ ಮಾರಲು ಬಂದಿದ್ದಾನೆ. ಸಂಜೆ ದೇವನಕೊಂಡಕ್ಕೆ ಮರಳಿದ ಮೇಲೆ ಇದನ್ನು ನಿನಗೆ ಕೊಡುತ್ತಾನೆ.

ಹೋದ ವರ್ಷ ನಮ್ಮ ನರ್ಸಿಂಗ್ ಹೋಮಿನಲ್ಲಿ ಆ ಮಗು ಅಳದೇ ಹೋದಾಗ ನಾವಿಬ್ಬರೂ ಡ್ಯೂಟಿಯಲ್ಲಿದ್ದೆವು. ಬೆನ್ನು ತಿಕ್ಕಿದೆವು, ಅಂಗಾಲು ತಟ್ಟಿದೆವು. ಉಸಿರಾಡದ ಮಗುವಿಗೆ ಗಾಳಿ ಒತ್ತುವ ಆಂಬು ಬ್ಯಾಗ್ ಕಪಾಟಿನಲ್ಲೇ ಇತ್ತು. ಅದನ್ನು ಸರಿಯಾಗಿ ಹಿಡಿಯುವುದು ಹೇಗೆಂದು ನಮಗೆ ಯಾರೂ ತೋರಿಸಿರಲಿಲ್ಲ. ಡಾಕ್ಟರು ಓಡಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮಗುವನ್ನು ಬಟ್ಟೆಯಲ್ಲಿ ಸುತ್ತಿ ತಾಯಿಯ ಹತ್ತಿರ ಒಯ್ದವಳು ನೀನು. "ನನ್ನ ಕೈಯಾಗ ಹೋತಕ್ಕಾ" ಅಂದೆ. ಆಮೇಲೆ ಹೆರಿಗೆ ಕೋಣೆಗೆ ನೀನು ಕಾಲಿಡಲಿಲ್ಲ, ಕೆಲಸವನ್ನೂ ಬಿಟ್ಟೆ.

ನೀನು ಹೋದ ಮೇಲೆ ಹುಟ್ಟಿದ ಮಗುವಿಗೆ ಉಸಿರು ಕೊಡುವುದನ್ನು ನರ್ಸುಗಳಿಗೆ ಕಲಿಸುವ ಒಂದು ತರಬೇತಿ ಬಂತು. ಪಾಠವೆಲ್ಲ ಫೋನಿನಲ್ಲಿ, ಆಮೇಲೆ ಆದವಾನಿಯಲ್ಲೇ ಮಗುವಿನಂಥ ಬೊಂಬೆಯ ಮೇಲೆ ಅಭ್ಯಾಸ. ಫೋನ್ ನೋಡಿ ನರ್ಸ್ ಕೆಲಸ ಕಲಿಯುವುದೇ ಎಂದು ನಕ್ಕವರಲ್ಲಿ ನಾನೂ ಒಬ್ಬಳು. ವಿಡಿಯೊಗಳು ತೆಲುಗಿನಲ್ಲಿದ್ದವು. ಸಂತೆಯ ತೆಲುಗಲ್ಲ, ಪುಸ್ತಕದ ತೆಲುಗು. ಮೊದಲ ಪರೀಕ್ಷೆಯಲ್ಲಿ ಫೇಲಾದೆ. ಆದರೆ ಅರ್ಥವಾಗದ ಜಾಗದಲ್ಲಿ ನಿಲ್ಲಿಸಿ, ಹಿಂದಕ್ಕೆ ಹೋಗಿ ಮತ್ತೆ ಕೇಳಬಹುದಿತ್ತು. ನನ್ನ ಜನ್ಮದಲ್ಲಿ ನಾನು ಕೇಳಿದಷ್ಟು ಸಲ ಬೇಸರಿಸದೆ ಹೇಳಿದ ಮೇಷ್ಟ್ರು ಅದೊಂದೇ. ವಾರಕ್ಕೊಮ್ಮೆ ಕರ್ನೂಲಿನಿಂದ ಗಂಗೋತ್ರಿ ಮೇಡಂ ಪರದೆಯ ಮೇಲೆ ಬಂದು ನಮ್ಮ ಅನುಮಾನಗಳಿಗೆ ಉತ್ತರ ಹೇಳುತ್ತಿದ್ದರು. ಬಳ್ಳಾರಿ ಕಡೆಯವರಂತೆ. ನಾನು ತಡವರಿಸಿದರೆ ಕನ್ನಡಕ್ಕೆ ಹೊರಳುತ್ತಿದ್ದರು.

ಎರಡನೆಯ ಪರೀಕ್ಷೆ ಪಾಸಾಗಿ ಜಂಬದಿಂದಲೇ ಬೊಂಬೆಯ ಮುಂದೆ ನಿಂತೆ. ಬ್ಯಾಗ್ ಎಷ್ಟು ಒತ್ತಿದರೂ ಅದರ ಎದೆ ಏಳಲಿಲ್ಲ. ಅಂದು ಮೇಡಂ ಖುದ್ದಾಗಿ ಬಂದಿದ್ದರು. "ಪಾಠ ನಿಮ್ಮ ತಲಿಗೆ ಹೋಗೈತಿ, ಕೈಗೆ ಇನ್ನಾ ಬಂದಿಲ್ಲ" ಅಂದು, ನನ್ನ ಬೆರಳುಗಳನ್ನು ಬ್ಯಾಗಿನ ತುದಿಯ ಮಾಸ್ಕಿನ ಸುತ್ತ ತಾವೇ ಕೂರಿಸಿ, ಬೊಂಬೆಯ ಗದ್ದವನ್ನು ತುಸು ಮೇಲೆತ್ತಿದರು. ಆಗ ಎದೆ ಎದ್ದಿತು. ಆ ಬೊಂಬೆಯನ್ನು ನಮ್ಮಲ್ಲೇ ಬಿಟ್ಟು ಹೋದರು. ಡ್ಯೂಟಿಗೆ ಬಂದಾಗಲೆಲ್ಲ ಅದರ ಮೇಲೆ ಕೈ ಆಡಿಸುವುದು ರೂಢಿಯಾಯಿತು.

ಹೋದ ಗುರುವಾರ ಮಧ್ಯಾಹ್ನ ಮಂತ್ರಾಲಯದ ಲಾಡ್ಜೊಂದರಲ್ಲಿ ಕೆಲಸ ಮಾಡುವ ಅಮೂಲ್ಯ ಎಂಬ ಹುಡುಗಿಗೆ ಹೆರಿಗೆಯಾಯಿತು. ಡಾಕ್ಟರು ಪಕ್ಕದ ಥಿಯೇಟರಿನಲ್ಲಿ ಆಪರೇಷನ್ ಮಾಡುತ್ತಿದ್ದರು. ಮಗು ಮೆತ್ತಗೆ ಜೋತುಬಿದ್ದಿತ್ತು, ಅಳಲಿಲ್ಲ. ಒರೆಸಿದೆ, ಬೆನ್ನು ತಿಕ್ಕಿದೆ, ಏನೂ ಆಗಲಿಲ್ಲ. ಮಾಸ್ಕ್ ಇಟ್ಟು ಬ್ಯಾಗ್ ಒತ್ತಿದೆ. ಎದೆ ಏಳಲಿಲ್ಲ. ಆ ಕ್ಷಣದಲ್ಲಿ ನೀನೇ ಕಣ್ಣ ಮುಂದೆ ಬಂದೆ, ಈಶ್ವರಿ. ಆದರೆ ಕೈ ಮಾತ್ರ ನಿಲ್ಲಲಿಲ್ಲ. ಗದ್ದ ಎತ್ತಿತು, ಮಾಸ್ಕ್ ಸರಿಪಡಿಸಿತು, ಮತ್ತೆ ಒತ್ತಿತು. ಎದೆ ಎದ್ದಿತು. ಸ್ವಲ್ಪ ಹೊತ್ತಿಗೆ ಮಗು ಮೊದಲು ಸೀನಿತು, ಆಮೇಲೆ ಅತ್ತಿತು. ಹೆಣ್ಣು ಮಗು. ಈಗ ಹಾಲು ಕುಡಿಯುತ್ತಿದೆ.

ಮರುದಿನ ಮೇಡಂಗೆ ಫೋನ್ ಮಾಡಿ ನಮ್ಮ ಆ ಹಳೆಯ ಮಗುವಿನ ವಿಷಯ, ನಿನ್ನ ವಿಷಯ ಹೇಳಿದೆ. ಕಲಿತಿದ್ದರೆ ಅದು ಉಳಿಯುತ್ತಿತ್ತೇ ಎಂದು ಕೇಳಿದೆ. ಅವರು ಹೇಳಿದರು: "ಅದನ್ನ ಯಾರೂ ಹೇಳಾಕ ಆಗಂಗಿಲ್ಲ. ಆದರ ಯಾರೂ ಕಲಿಸದ ಕೆಲಸಕ್ಕ ಆಕಿ ತಪ್ಪು ಹೊರಬಾರದು." ಸುಮ್ಮನೆ ಸಮಾಧಾನದ ಮಾತು ಹೇಳಿದ್ದರೆ ಇದನ್ನು ನಿನಗೆ ಬರೆಯುತ್ತಿರಲಿಲ್ಲ. ಇದು ನಿಜವಾದ ಮಾತು ಅನ್ನಿಸಿತು.

ಹೊಸ ಬ್ಯಾಚ್ ಮುಂದಿನ ತಿಂಗಳು ಶುರುವಾಗುತ್ತದೆ. ಬೊಂಬೆಯ ಅಭ್ಯಾಸಕ್ಕೆ ನರ್ಸುಗಳ ಜೊತೆ ನಿಲ್ಲಲು ಮೇಡಂ ನನಗೇ ಹೇಳಿದ್ದಾರೆ. ನಿನ್ನನ್ನು ಕೇಳದೆ ನಿನ್ನ ಹೆಸರು ಕೊಟ್ಟಿಲ್ಲ. ಪಾಠವನ್ನು ಮನೆಯಲ್ಲೇ ನೋಡಬಹುದು. ಕೆಲಸಕ್ಕೆ ಮರಳುವ ಮಾತು ಈಗ ಬೇಡ. ಅಭ್ಯಾಸದ ದಿನ ಮಾತ್ರ ಇಲ್ಲಿಗೆ ಬಾ. ಅದು ನಡೆಯುವುದು ಮಹಡಿಯ ಮೇಲಿನ ಹಾಲ್‌ನಲ್ಲಿ, ಹೆರಿಗೆ ಕೋಣೆಯ ಮುಂದೆ ಹಾಯಬೇಕಿಲ್ಲ. ನಿನ್ನ ಪಕ್ಕದಲ್ಲಿ ನಾನಿರುತ್ತೇನೆ. ನಡುವೆ ಸಾಕೆನಿಸಿದರೆ ಇಬ್ಬರೂ ಹೊರಗೆ ಹೋಗಿ ಚಹಾ ಕುಡಿದು ಬರೋಣ, ಬಂದು ಮತ್ತೆ ಬ್ಯಾಗ್ ಹಿಡಿಯೋಣ.

ನಿನ್ನ ಮನಸ್ಸು ಹಗುರಾಗಲಿ, ತಂಗಿ.

ನಿನ್ನ ದಾರಿ ನೋಡುವ ಅಕ್ಕ,
ಕೊಂಡಮ್ಮ