ಸಂಕಪ್ಪಣ್ಣನ ಪಾಲು

ಮಿಜಾರು
ತಾ. 12-11-1958

ಪ್ರೀತಿಯ ಕಾವೇರಿ ಅತ್ತಿಗೆಗೆ ದಮಯಂತಿಯ ನಮಸ್ಕಾರಗಳು.

ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯುವುದು ವಾಡಿಕೆ. ಎಲ್ಲರೂ ಎನ್ನಲು ಈ ಮನೆಯಲ್ಲಿ ಈಗ ಇರುವುದು ನಾನೊಬ್ಬಳೇ. ನೀವು ಮಕ್ಕಳನ್ನು ಕಟ್ಟಿಕೊಂಡು ಬೆಳ್ತಂಗಡಿಯ ತಾಯಿಮನೆಗೆ ಹೋದ ಮೇಲೆ ನಾನು ಬರೆಯುತ್ತಿರುವ ಮೊದಲ ಕಾಗದ ಇದು. ಇವಳಿಗೆ ಈಗ ಯಾಕೆ ನಮ್ಮ ನೆನಪಾಯಿತು ಎಂದು ನೀವು ಕೇಳಿದರೆ ತಪ್ಪಿಲ್ಲ.

ನಮ್ಮವರು ತೀರಿಕೊಂಡು ಬೊಜ್ಜದ ಕ್ರಿಯೆ ನಡೆದ ದಿನ ನೀವು ವಾಮದಪದವಿನ ನನ್ನ ಗಂಡನ ಮನೆಗೆ ಬಂದು, ಮೂಲೆಯಲ್ಲಿ ಕೂತು, ಊಟ ಮಾಡಿ ಹೋದಿರಿ. ನಿಮ್ಮನ್ನು ಮಾತಾಡಿಸಲು ನನಗೆ ಮುಖವಿರಲಿಲ್ಲ. ಮರುದಿನ ಬೆಳಿಗ್ಗೆಯೇ ಅವರ ಸೋದರಳಿಯ ಭೋಜ, ಮಾಮಿ, ಇನ್ನು ನೀವು ನಿಮ್ಮ ಮನೆಗೆ ಹೋಗುವುದಲ್ಲವಾ, ಗಾಡಿಗೆ ಹೇಳ್ತೇನೆ ಎಂದ. ಅವನು ಕೆಟ್ಟವನಲ್ಲ. ಅಳಿಯಸಂತಾನದ ಕಟ್ಟೇ ಹಾಗೆ. ಗಂಡಸು ಸತ್ತರೆ ಅವನ ಪಾಲು ಅಕ್ಕತಂಗಿಯರಿಗೂ ಅವರ ಮಕ್ಕಳಿಗೂ, ಹೆಂಡತಿ ಮಕ್ಕಳು ಬೊಜ್ಜ ಮುಗಿಸಿ ತಾಯಿಮನೆಗೆ. ನಾನು ಗಾಡಿ ಹತ್ತಿದೆ. ದಾರಿಖರ್ಚಿನ ಮರ್ಯಾದೆ ಎಂದು ಭೋಜ ಒಂದು ಮುಡಿ ಅಕ್ಕಿಯನ್ನೂ ಹಾಕಿಸಿದ. ಅದನ್ನು ಕಂಡು ಮೈಯೆಲ್ಲ ಉರಿಯಿತು.

ಆಮೇಲೆ ನೆನಪಾಯಿತು. ಕಳೆದ ವರ್ಷ ನಿಮ್ಮವರು, ನಮ್ಮ ಸಂಕಪ್ಪಣ್ಣ, ಹೋಗಿ ಬೊಜ್ಜ ಮುಗಿದಾಗ ನಿಮ್ಮ ಗಾಡಿಗೂ ಒಂದು ಮುಡಿ ಹಾಕಿಸಿದ್ದು ನಾನೇ. ದಮಯಂತಿಯದ್ದು ದೊಡ್ಡ ಮನಸ್ಸು ಎಂದು ಊರವರು ಹೊಗಳಿದ್ದರು. ನಾನೂ ನಂಬಿದ್ದೆ.

ಹೋದ ಸೋಮವಾರ ಬಂಟ್ವಾಳದ ವಕೀಲರಲ್ಲಿಗೆ ಹೋದೆ. ಅವರಿಗೆ ಮಾತೆಂದರೆ ಪಂಚಪ್ರಾಣ. ಎರಡು ವರ್ಷದ ಹಿಂದೆ ದಿಲ್ಲಿಯಲ್ಲಿ ಹೊಸ ಕಾನೂನು ಆಗಿದೆ ಅಕ್ಕ, ಅದಾದ ಮೇಲೆ ಸತ್ತ ಗಂಡಸಿನ ಪಾಲು ಅಳಿಯನಿಗಲ್ಲ, ಹೆಂಡತಿಗೂ ಮಕ್ಕಳಿಗೂ ಎಂದರು. ಭೋಜ ಗಾಡಿಗೆ ಹೇಳಿದ, ಸರಿ, ನೀವು ಯಾಕೆ ಹತ್ತಿ ಕೂತದ್ದು ಎಂದು ಗದರಿದರು. ಊರಲ್ಲಿ ಎಷ್ಟೋ ಹೆಂಗಸರು ಹೀಗೆ, ಹಕ್ಕು ಉಂಟು, ಆದರೂ ಯಾರೂ ದೂಡುವ ಮೊದಲೇ ಗಂಟು ಕಟ್ಟುತ್ತಾರೆ ಎಂದು ನಕ್ಕರು. ನನಗೂ ನಗು ಬಂತು. ಭೋಜನ ಮುಖ ಹೇಗಾಗಬಹುದು ಎಂದು ನೆನೆದು ಹಿಗ್ಗಿದೆ.

ಹಿಗ್ಗು ಹೆಚ್ಚು ಹೊತ್ತು ಉಳಿಯಲಿಲ್ಲ. ತಾಯಿಮನೆಯಲ್ಲಿ ಯಾರಿದ್ದಾರೆ ಎಂದು ಕೇಳಿದರು. ಕುಟುಂಬದಲ್ಲಿ ಉಳಿದವಳು ನಾನೊಬ್ಬಳೇ, ಮಕ್ಕಳಿಲ್ಲ, ಅಣ್ಣ ಕಳೆದ ವರ್ಷ ತೀರಿಕೊಂಡ ಎಂದೆ. ಹಾಗಾದರೆ ಅವರ ಪಾಲಿಗೂ ಇದೇ ಕಾನೂನು, ಅವರಿಗೆ ಹೆಂಡತಿ ಮಕ್ಕಳು ಉಂಟಾ ಎಂದರು. ನಾನು ಏನೋ ಹೇಳಿ ಮಾತು ತೇಲಿಸಿ, ಬಸ್ಸಿಗೆ ಹೊತ್ತಾಯಿತೆಂದು ಎದ್ದು ಬಂದೆ.

ಅತ್ತಿಗೆ, ನನಗೆ ನಾಚಿಕೆಯಾಗುತ್ತದೆ. ಕಾನೂನು ಗೊತ್ತಿರಲಿಲ್ಲ ಎಂದರೆ ಅದು ನಿಜವೇ. ಆದರೆ ಅಂದು ನಿಮ್ಮ ಮಗಳು ಕಾಂತಿ ಚಾವಡಿಯ ಕಂಬ ಹಿಡಿದು, ಮಾಮಿ, ನಾನು ಇಲ್ಲೇ ಇದ್ದು ಮೂಡಬಿದ್ರಿ ಶಾಲೆಗೆ ಹೋಗ್ತೇನೆ, ಮನೆಗೆ ಒಂದು ಜನ ಆಯಿತಲ್ಲ ಎಂದಾಗ ನನಗೆ ಯಾವ ಕಾನೂನು ಬೇಕಿತ್ತು? ಕಟ್ಟು ಅಂದರೆ ಕಟ್ಟು ಮಗಾ ಎಂದೆ. ವಾಸವಿದ್ದ ನಿಮ್ಮನ್ನೇ ಎಬ್ಬಿಸಿ, ಖಾಲಿ ಮನೆಗೆ ಬೀಗ ಹಾಕಿ ಗಂಡನ ಮನೆಗೆ ಹೋದೆ. ಅವಳ ಶಾಲೆ ಅಲ್ಲಿಗೇ ನಿಂತಿತು ಎಂದು ಕೇಳಿಯೂ ಸುಮ್ಮನಿದ್ದೆ. ಈಗ ಭೋಜನ ಎದುರು ನನಗೆ ಹೊಸ ಕಾನೂನು ಬೇಕು, ನಿಮ್ಮ ಎದುರು ಮಾತ್ರ ಹಳೇ ಕಟ್ಟೇ ಇರಲಿ ಎಂದು ಮನಸ್ಸು ಹೇಳುತ್ತದೆ. ಎಂಥ ಮನಸ್ಸು ನೋಡಿ.

ಈ ಮನೆಯಲ್ಲೂ ಗದ್ದೆಯಲ್ಲೂ ಅಣ್ಣನ ಅರ್ಧ ನಿಮ್ಮದು ಮತ್ತು ಮಕ್ಕಳದು. ದಮಯಂತಿ ಕರೆದಳು ಎಂದು ಬರಬೇಡಿ, ನಿಮ್ಮದೆಂದು ಬನ್ನಿ. ನಾನು ಬರುವ ಸೋಮವಾರ ಪುನಃ ವಕೀಲರಲ್ಲಿಗೆ ಹೋಗಲಿಕ್ಕಿದೆ. ನೀವು ಕಾಂತಿಯನ್ನು ಕರೆದುಕೊಂಡು ಬೆಳಗಿನ ಬಸ್ಸಿಗೆ ಬಂಟ್ವಾಳಕ್ಕೆ ಬನ್ನಿ. ಬಸ್ಸು ನಿಲ್ಲುವಲ್ಲಿ ಕಾಯುತ್ತೇನೆ. ನೀವು ಮಾತಾಡದಿದ್ದರೂ ಅಡ್ಡಿಯಿಲ್ಲ, ಜೊತೆಗೆ ನಡೆದು ಬಂದರೆ ಸಾಕು.

ಇಂತು ನಿಮ್ಮ ನಾದಿನಿ,
ದಮಯಂತಿ

ಇನ್ನೊಂದು ಮಾತು: ವಕೀಲರ ಹತ್ತಿರ ಮಾತು ತೇಲಿಸಿದೆ ಎಂದು ಮೇಲೆ ಬರೆದದ್ದು ಸುಳ್ಳು. ಅಣ್ಣನಿಗೆ ಮದುವೆಯೇ ಆಗಿರಲಿಲ್ಲ ಎಂದೆ. ಹಾಗಾದರೆ ತೊಂದರೆಯಿಲ್ಲ ಎಂದರು, ನಾನು ತಲೆಯಾಡಿಸಿದೆ. ಸೋಮವಾರ ನಿಮ್ಮನ್ನು ನೋಡಿ ಇವರು ಯಾರು ಎಂದು ಕೇಳಿಯೇ ಕೇಳುತ್ತಾರೆ. ನೀವು ಹೇಳಬೇಡಿ, ನಾನೇ ಹೇಳಬೇಕು. ಆಗಲೂ ನಾನು ಬಾಯಿ ಬಿಡದಿದ್ದರೆ, ಕಾಂತಿ ಅವಳ ಅಪ್ಪನ ಹೆಸರು ಹೇಳಲಿ.