ಮೂರು ರಾತ್ರಿಗಾಗುವಷ್ಟು ಕರೆಂಟು

ಮನೆಯಿಂದ, ಮೇ ೯
ಶುಕ್ರವಾರ, ಮಧ್ಯಾಹ್ನ

ಪ್ರೀತಿಯ ಗುಂಡಾ,

ಹೇಗಿದ್ದೀಯ? ಮಂಡಿ ನೋವು ಇಳಿಯಿತೇ? ರಾತ್ರಿ ಮೂಗಿಗೆ ಗಾಳಿ ಊದುವ ಯಂತ್ರ ಒಗ್ಗಿತೇ? ಡಾಕ್ಟರು ಹೇಳಿದ ಮೇಲೆ ಹಾಕಿಕೊಳ್ಳದೆ ಗತಿಯಿಲ್ಲ. ನಿನಗೆ ನಿದ್ದೆಯಲ್ಲಿ ಉಸಿರು ನಿಂತು ನಿಂತು ಬರುವುದನ್ನು ಕೇಳುತ್ತ ತಿಂಗಳುಗಟ್ಟಲೆ ಎಚ್ಚರವಿದ್ದ ಹೆಂಡತಿಯ ಮುಖ ನೋಡಿಯಾದರೂ ಹಾಕಿಕೋ. ನಾನು ಗಟ್ಟಿಯಾಗಿದ್ದೇನೆ. ರಕ್ತದೊತ್ತಡ ಮಾತ್ರ ಈ ಹದಿನೈದು ದಿನದಲ್ಲಿ ಏರಿದೆ. ಅದಕ್ಕೆ ಅರ್ಧ ನೀನು ಕಾರಣ, ಇನ್ನರ್ಧ ಕರೆಂಟು ಪೆಟ್ಟಿಗೆ ಮಾರುವ ಜನ.

ನಿನ್ನ ಕಾಗದ ಬಂತು. 'ಅಕ್ಕಾ, ಈ ಸಲ ನೀವೆಲ್ಲ ಹೋಗ್ಬನ್ನಿ, ನದಿ ದಡದಲ್ಲಿ ಕರೆಂಟೆಲ್ಲಿದೆ, ನನ್ನ ಯಂತ್ರ ಓಡಲ್ಲ' ಎಂದು ಎರಡೇ ಸಾಲು. ಇಪ್ಪತ್ತಾರು ವರ್ಷದಿಂದ ಪ್ರತಿ ಬೇಸಿಗೆ ಮೂರು ರಾತ್ರಿ ಎರಡೂ ಮನೆಯವರು ಅಲ್ಲಿ ಡೇರೆ ಹಾಕಿದ್ದೇವೆ. ನಿನಗೆ ಕಾಮಾಲೆ ಆಗಿದ್ದ ವರ್ಷವೂ ಕಂಬಳಿ ಹೊದ್ದು ಬಂದು, ಗೂಟ ಓರೆಯಾಗಿದೆ ಎಂದು ಕೂತಲ್ಲಿಂದಲೇ ಎಲ್ಲರನ್ನೂ ಬೈದಿದ್ದೆ. ನೀನು ಬರದಿದ್ದರೆ ನಾನು ಹೋಗುವುದಿಲ್ಲ. ನಾವಿಬ್ಬರೂ ಇಲ್ಲದಿದ್ದರೆ ಮಕ್ಕಳು ಹೋಗುವುದಿಲ್ಲ. ಒಂದು ವರ್ಷ ತಪ್ಪಿದ ಕೂಟ ಮತ್ತೆ ಕೂಡಿದ್ದನ್ನು ನಾನಂತೂ ಕಂಡಿಲ್ಲ. ಹಾಗಾಗಿ, ನಿನಗೆ ಕರೆಂಟು ತಾನೇ ಬೇಕು, ತಂದರಾಯಿತು ಎಂದು ಹೊರಟೆ. ಬಿಸಿಲಿನಿಂದ ತುಂಬಿಸಿಕೊಂಡು ಕೈಯಲ್ಲಿ ಹಿಡಿದು ಹೋಗುವ ಪೆಟ್ಟಿಗೆಗಳು ಈಗ ಸಿಗುತ್ತವಲ್ಲ.

ಮೂವತ್ತೊಂದು ವರ್ಷ ತೂಕ-ಅಳತೆ ಇಲಾಖೆಯಲ್ಲಿ ಇನ್ಸ್‌ಪೆಕ್ಟರ್ ಆಗಿದ್ದವಳು ನಾನು. ಗಜಕೋಲಿನ ತುದಿಯನ್ನು ಒಂದು ಬೆರಳಿನಷ್ಟು ಕೊಯ್ದಿಟ್ಟುಕೊಂಡಿದ್ದ ಬಟ್ಟೆ ಅಂಗಡಿಯವನನ್ನು ಹಿಡಿದ ದಿನ ಇನ್ನೂ ನೆನಪಿದೆ. ಈಗಿನವರನ್ನು ನೋಡಿದ ಮೇಲೆ ಅವನು ಎಷ್ಟೋ ವಾಸಿ ಅನಿಸಿತು. ಕರೆಂಟು ಪೆಟ್ಟಿಗೆಯ ಅಂಗಡಿಯಲ್ಲಿ ಮೊದಲು ತೋರಿಸಿದ ಪೆಟ್ಟಿಗೆಯ ಮೇಲೆ ಅಂಗೈಯಗಲ 'ಸಾವಿರ' ಎಂದಿತ್ತು. ಕನ್ನಡಕ ಏರಿಸಿ ಓದಿದರೆ, ಅದು ಒಂದೇ ಏಟಿಗೆ ಎಷ್ಟು ಹೊರಗೆ ತಳ್ಳಬಲ್ಲದು ಎಂಬ ಲೆಕ್ಕ. ಒಳಗೆ ಎಷ್ಟು ತುಂಬಿರುತ್ತದೆ ಎಂಬುದು ತಳದಲ್ಲಿ, ಇರುವೆ ಕಾಲಿನಂಥ ಅಕ್ಷರದಲ್ಲಿ: ಮುನ್ನೂರು. ಕೊಡದ ಬಾಯಿ ಅಗಲವನ್ನು ಹಣೆಗೆ ಬರೆದು, ಎಷ್ಟು ನೀರು ಹಿಡಿಯುತ್ತದೆ ಎಂಬುದನ್ನು ಬೆನ್ನಿಗೆ ಬರೆದ ಹಾಗೆ. ಇನ್ನೊಂದನ್ನು ಮೂರು ಸಾವಿರ ಸಲ ತುಂಬಿಸಬಹುದಂತೆ. ವರ್ಷಕ್ಕೆ ಮೂರು ರಾತ್ರಿಯಂತೆ ಸಾವಿರ ವರ್ಷದ ಬಾಳಿಕೆ ಆಯಿತು. ವಾರಂಟಿ ಎಷ್ಟಯ್ಯಾ ಅಂದರೆ ಎರಡು ವರ್ಷ!

ಕೊನೆಗೆ ಐನೂರು ಎಂದು ಬರೆದಿದ್ದ ಒಂದನ್ನು ಮೇಜಿನ ಮೇಲೆ ಇಡಿಸಿ, ಮನೆಯಿಂದ ಒಯ್ದಿದ್ದ ನೂರು ವ್ಯಾಟಿನ ಹಳೇ ಬಲ್ಬು ಸಿಕ್ಕಿಸಿ, ಸ್ಟೂಲು ಎಳೆದುಕೊಂಡು ಪುಸ್ತಕ ಬಿಡಿಸಿ ಕೂತೆ. ಮಾತಿನ ಪ್ರಕಾರ ಐದು ಗಂಟೆ ಉರಿಯಬೇಕು. ಅಂಗಡಿಯವನ ಪ್ರಾಣ ಬಾಯಿಗೆ ಬಂದಿತ್ತು. 'ಮೇಡಂ, ನೀವು ರಿಟೈರ್ ಆಗಿದೀರಲ್ವಾ?' ಅಂದ. 'ನಾನು ಆಗಿದೀನಪ್ಪ, ಅಳತೆ ಆಗಿಲ್ಲ' ಅಂದೆ. ಬಂದ ಗಿರಾಕಿಗಳೆಲ್ಲ ನನ್ನನ್ನೂ ಬಲ್ಬನ್ನೂ ಸರದಿಯಲ್ಲಿ ನೋಡಿಕೊಂಡು ಹೋದರು. ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ಬಲ್ಬು ಕಣ್ಣು ಮುಚ್ಚಿತು. 'ಸ್ವಲ್ಪ ಒಳಗೇ ಖರ್ಚಾಗುತ್ತೆ ಮೇಡಂ, ಎಲ್ಲಾ ಪೆಟ್ಟಿಗೇನೂ ಹಾಗೇನೆ' ಅಂತ ಅವನು. ಹಾಗಿದ್ದರೆ ನಾನೂರ ಹದಿನೇಳು ಅಂತಲೇ ಬರೆಯಲಿ, ಕೈ ಸವೆಯುತ್ತದೆಯೇ? ಆದರೂ ನಾನು ನೋಡಿದ ಆರು ಪೆಟ್ಟಿಗೆಗಳಲ್ಲಿ ಕಡಿಮೆ ಸುಳ್ಳು ಹೇಳಿದ್ದು ಅದೇ. ಅದನ್ನೇ ತಂದೆ.

ಬಿಸಿಲು ಹಿಡಿಯುವ ಫಲಕದ್ದು ಇನ್ನೊಂದು ಕಥೆ. ನೂರು ವ್ಯಾಟು ಎನ್ನುತ್ತಾರೆ. ತಾರಸಿಯ ಮೇಲೆ ಸುಡುಬಿಸಿಲಿಗೆ ಹಿಡಿದರೂ ಎಪ್ಪತ್ತು ದಾಟಲಿಲ್ಲ. ಒಣಗಲು ಹಾಕಿದ್ದ ಟವೆಲಿನ ನೆರಳು ಒಂದು ಮೂಲೆಗೆ ಬಿದ್ದದ್ದೇ ತಡ, ಇಪ್ಪತ್ತಕ್ಕೆ ಕುಸಿಯಿತು. ಡೇರೆಗೆ ನೆರಳು ಬೇಕು, ಫಲಕಕ್ಕೆ ಬಿಸಿಲು ಬೇಕು. ಇದನ್ನು ಮಾಡಿದವನು ಒಂದು ದಿನವಾದರೂ ಮರದ ಕೆಳಗೆ ಮಲಗಿದ್ದಾನೋ ಇಲ್ಲವೋ. ಉದ್ದದ ತಂತಿ ಬೇರೆ ಕೊಂಡೆ.

ಇನ್ನು ನಿನ್ನ ಯಂತ್ರ. ಕೋಪ ಮಾಡಿಕೊಳ್ಳಬೇಡ, ನಿನ್ನ ಹೆಂಡತಿಗೆ, ಎಷ್ಟು ಕರೆಂಟು ಖರ್ಚಾಯಿತೆಂದು ತೋರಿಸುವ ಅಳತೆಯ ಪ್ಲಗ್ಗೊಂದನ್ನು ಗುಟ್ಟಾಗಿ ಕಳಿಸಿದ್ದೆ. ಒಂದು ವಾರ ದಿನಾ ಬೆಳಿಗ್ಗೆ ನೋಡಿ ಬರೆದಿಟ್ಟಿದ್ದಾಳೆ, ನನ್ನ ಕಚೇರಿಯಲ್ಲೇ ಅಷ್ಟು ನೀಟಾಗಿ ಬರೆಯುವವರು ಇರಲಿಲ್ಲ. ಗಾಳಿಗೆ ತೇವ ಕೊಡಲು ನೀರು ಬಿಸಿ ಮಾಡುವ ಗುಂಡಿ ಬಂದ್ ಮಾಡಿದರೆ ರಾತ್ರಿಗೆ ಇನ್ನೂರ ನಲವತ್ತು. ಮೂರು ರಾತ್ರಿ ಅದಿಲ್ಲದೆ ನಡೆಯುತ್ತದೆ ಎಂದು ನಿನ್ನ ಡಾಕ್ಟರನ್ನೂ ಅವಳೇ ಕೇಳಿದ್ದಾಳೆ. ಹಗಲು ಬಿಸಿಲಿನಿಂದ ಇನ್ನೂರೈವತ್ತಾದರೂ ವಾಪಸು ಬರುತ್ತದೆ. ಮೋಡ ಕವಿದರೆ ಕಾರಿನಿಂದ ತುಂಬಿಸೋಣ. ನಿನ್ನ ಎರಡು ಸಾಲಿಗೆ ಇದು ನನ್ನ ಉತ್ತರ. ಬೇರೆ ನೆಪ ಇದ್ದರೆ ಬೇಗ ಬರಿ, ಅದನ್ನೂ ಅಳೆಯುತ್ತೇನೆ.

ಮಕ್ಕಳ ತಲೆ ಸವರಿದೆನೆಂದು ಹೇಳು. ನಿನ್ನ ಹೆಂಡತಿಗೆ ನನ್ನ ಕಡೆಯಿಂದ ಒಂದು ಶಭಾಸ್. ನೀನು ನೂರು ಕಾಲ ಚೆನ್ನಾಗಿರು, ಉಸಿರಾಡುತ್ತ ಇರು.

ಬೈಯುವ ಹಕ್ಕನ್ನು ಇನ್ನೂ ಯಾರಿಗೂ ಬಿಟ್ಟುಕೊಡದ
ನಿನ್ನ ಅಕ್ಕ

ಲಕೋಟೆ ಅಂಟಿಸುವ ಮುನ್ನ, ಅವಸರದಲ್ಲಿ: ಕರೆಂಟಿನ ಮಾತು ಬರೀ ನೆಪ ಅಂತ ನನಗೆ ಗೊತ್ತು. ಮುಖಕ್ಕೆ ಪಟ್ಟಿ ಬಿಗಿದು, ಸೊಂಡಿಲಿನಂಥ ಕೊಳವೆ ಹಾಕಿಕೊಂಡು ಮಕ್ಕಳೆದುರು ಮಲಗಲು ನಿನಗೆ ನಾಚಿಕೆ. ಇದನ್ನು ನಿನ್ನ ಹೆಂಡತಿ ಹೇಳಲಿಲ್ಲ. ನಿನ್ನನ್ನು ಸೊಂಟದ ಮೇಲೆ ಹೊತ್ತು ತಿರುಗಿದವಳಿಗೆ ಯಾರೂ ಹೇಳಬೇಕಾಗಿಲ್ಲ. ಈಗ ಕೇಳು. ನನ್ನ ಬಾಯಲ್ಲಿ ಒಂದೂ ಸ್ವಂತ ಹಲ್ಲಿಲ್ಲ. ನಾಲ್ಕು ವರ್ಷದಿಂದ ಡೇರೆಯಲ್ಲಿ ಎಲ್ಲರೂ ಮಲಗಿದ ಮೇಲೆ ಕದ್ದು ತೆಗೆದಿಟ್ಟು, ಎಲ್ಲರಿಗಿಂತ ಮೊದಲೆದ್ದು ಕದ್ದು ಹಾಕಿಕೊಂಡಿದ್ದೇನೆ. ಸಾಕಾಗಿ ಹೋಗಿದೆ ಕಣೋ. ಈ ಸಲ ನಿನ್ನ ಪಕ್ಕದಲ್ಲೇ ನನ್ನ ಹಾಸಿಗೆ. ನೀನು ಸೊಂಡಿಲು ಹಾಕಿಕೋ, ನಾನು ಹಲ್ಲು ತೆಗೆದು ಲೋಟದಲ್ಲಿಡುತ್ತೇನೆ. ಮಕ್ಕಳು ಮೊದಲು ಯಾರನ್ನು ನೋಡಿ ನಗುತ್ತಾರೋ ನೋಡೇಬಿಡೋಣ.