ಮೊದಲ ಏಟು ಅವರದಾಗಲಿ

ಸಾದಲಿ
ಶುಕ್ರವಾರ, 11 ಜುಲೈ 2025

ಮುರಳಿ ಅಣ್ಣನಿಗೆ,

ಎರಡು ವರ್ಷದ ಮೇಲೆ ನಿನ್ನನ್ನು ಅಣ್ಣ ಎಂದು ಕರೆಯುತ್ತಿದ್ದೇನೆ, ಅದೂ ಕಾಗದದಲ್ಲಿ. ಫೋನಿನಲ್ಲಿ ಬರೆಯುವ ಧೈರ್ಯವಿಲ್ಲ. ನಿಮ್ಮ ಮನೆಯಿಂದ ಬಂದ ಹಳೆಯ ಮೆಸೇಜುಗಳನ್ನೆಲ್ಲ ಅಪ್ಪ ಪ್ರಿಂಟ್ ಹಾಕಿಸಿ ವಕೀಲರಿಗೆ ಕೊಟ್ಟಿದ್ದಾರೆ. ನಿಮ್ಮ ಕಡೆಯಿಂದ ದೊಡ್ಡಪ್ಪನೂ ಕೊಟ್ಟಿರುತ್ತಾರೆ. ನನ್ನ ಗೆಳತಿ ಶ್ರೀವಿದ್ಯಾ ಬಿ.ಎಡ್. ಕಾಲೇಜಿಗೆಂದು ದಿನಾ ಚಿಂತಾಮಣಿಗೆ ಬರುತ್ತಾಳೆ. ನೀನು ಕೆಲಸ ಮಾಡುವ ಟ್ರ್ಯಾಕ್ಟರ್ ಶೋರೂಮಿಗೇ ಬಂದು ಇದನ್ನು ಕೊಡುತ್ತಾಳೆ. ಓದಿ ಹರಿದುಹಾಕು.

ಐದು ದಿನದಿಂದ ನಾನು ಫೋನಿನ ಗೇಮಿನ ಬೇಟೆಗೆ ಬರಲಿಲ್ಲ. ನೀನು ಏನೆಂದುಕೊಂಡೆಯೋ. ಮನೆಗಳು ಮಾತು ಬಿಟ್ಟ ಮೇಲೂ ಬೇರೆ ಹೆಸರಿಟ್ಟುಕೊಂಡು ನಾವಿಬ್ಬರು ಆ ಗೇಮಿನಲ್ಲಿ ಪ್ರತಿ ಸಂಜೆ ಸೇರುತ್ತಲೇ ಇದ್ದೆವು. ಒಂದಕ್ಷರ ಬರೆದುಕೊಳ್ಳಲಿಲ್ಲ. ನಿನ್ನ ಬೇಟೆಗಾರ ತಲೆ ಬಾಗಿಸುತ್ತಿದ್ದ, ನನ್ನವಳು ಕೈ ಬೀಸುತ್ತಿದ್ದಳು, ಅಷ್ಟೆ. ನನಗೆ ಅಷ್ಟೇ ಸಾಕಾಗಿತ್ತು. ಈಗ ಆ ಗೇಮು ತೆರೆಯಲಾರೆ. ಕಾರಣ ಹೇಳುತ್ತೇನೆ.

ಆಯುಧ, ಕವಚ, ಮಣಿ ಎಲ್ಲ ಜೋಡಿಸಿ ನಮ್ಮ ಬಿಲ್ಡ್ ಕಟ್ಟಿದ ಬೇಸಿಗೆ ನಿನಗೆ ನೆನಪಿರಬೇಕು. ನಿಮ್ಮ ಜಗುಲಿಯ ಮೇಲೆ ಕೂತು, ಕಪ್ಪು ಕೊಂಬಿನ ಮೃಗದ ಕೈಯಲ್ಲಿ ಹನ್ನೊಂದು ಸಲ ಸತ್ತಿದ್ದೆವು. ನಾನು ಗುರಾಣಿಯ ಹಿಂದೆ ಅಡಗುತ್ತಿದ್ದೆ. ನೀನು ಬೇಸತ್ತು, ಗುರಾಣಿ ಬಿಸಾಕು, ಉದ್ದಕತ್ತಿ ಹಿಡಿ ಎಂದೆ. ಕತ್ತಿಯನ್ನು ಒರೆಗೆ ಸೇರಿಸಿ ಅಲ್ಲಾಡದೆ ನಿಲ್ಲುವ ವರಸೆ ಕಲಿಸಿದೆ. ಮೃಗದ ಏಟು ಮೈಗೆ ತಾಗುವ ಕ್ಷಣಕ್ಕೆ ಗುಂಡಿ ಒತ್ತಿದರೆ ಅದರ ಏಟು ಹುಸಿಯಾಗುತ್ತದೆ, ನಮ್ಮ ತಿರುಗೇಟು ಮೂರರಷ್ಟು ಬಲದಲ್ಲಿ ಬೀಳುತ್ತದೆ. ಆ ಕ್ಷಣ ಹಿಡಿಯುವುದು ಹೇಗೆಂದು ಕೇಳಿದ್ದಕ್ಕೆ, "ಮುನಿವೆಂಕಟಪ್ಪ ಮೇಷ್ಟ್ರು ಕಪಾಳಕ್ಕೆ ಬಿಡೋ ಮುಂಚೆ ಎಡಭುಜ ಇಳಿಸ್ತಿದ್ರಲ್ಲ, ಇದೂ ಹಂಗೇ ಕಣೇ. ಭುಜ ನೋಡು, ಕೊಂಬು ನೋಡ್ಬೇಡ" ಎಂದೆ. ನಕ್ಕು ನಕ್ಕು ಇನ್ನೊಂದು ಸಲ ಸತ್ತೆವು.

ಆಮೇಲೆ ಕವಚದಿಂದ ರಕ್ಷಣೆಯ ಮಣಿಗಳನ್ನೆಲ್ಲ ಕಿತ್ತು ದಾಳಿಯ ಮಣಿ ಕೂಡಿಸಿದೆವು. ಪ್ರಾಣ ಕಡಿಮೆಯಾದಷ್ಟೂ ಬಲ ಏರಿಸುವ ಕೈಗವಸು ಬೇಕೆಂದು ಹಟ ಹಿಡಿದವಳು ನಾನು. ಔಷಧಿ ಇಟ್ಟುಕೊಳ್ಳುವುದೂ ಹೇಡಿತನ ಎಂದೆ. ಹನ್ನೆರಡು ಸಲ ಸತ್ತ ಮೇಲೆ ಮೃಗ ನಾಲ್ಕು ನಿಮಿಷದಲ್ಲಿ ಬಿತ್ತು. ಆ ಬಿಲ್ಡಿಗಿದ್ದ ಒಂದೇ ಕೊರತೆ ನಿನಗೂ ಗೊತ್ತು. ಮೃಗ ಹೊಡೆಯದಿದ್ದರೆ ಅದು ಯಾವ ಕೆಲಸಕ್ಕೂ ಬಾರದು. ಯಾರಾದರೂ ಎದುರು ಹೋಗಿ ಕೆಣಕಲೇಬೇಕು.

ಸೋಮವಾರ ಬೆಳಿಗ್ಗೆ ಹತ್ತಕ್ಕೆ ಸರ್ವೆಯವರು ಬರುತ್ತಾರೆ. ನಮ್ಮ ಹಿಪ್ಪುನೇರಳೆ ತೋಟಕ್ಕೂ ನಿಮ್ಮದಕ್ಕೂ ನಡುವಿನ ನಾಲ್ಕಡಿ ಬದು ಯಾರದೆಂದು ಅಳೆಯುತ್ತಾರೆ. ಅದಿಲ್ಲದಿದ್ದರೆ ನಮಗೆ ರೇಷ್ಮೆ ಹುಳುಮನೆಗೆ ಸೊಪ್ಪು ಹೊರಲು ದಾರಿಯಿಲ್ಲ, ನಿಮಗೆ ಕೊಳವೆಬಾವಿಯ ಪೈಪು ಎಳೆಯಲು ಜಾಗವಿಲ್ಲ. ಹೋದ ಭಾನುವಾರ ಆ ಬದುವಿನ ಮೇಲೆ ಏನು ನಡೆಯಿತೆಂದು ದೊಡ್ಡಪ್ಪ ನಿನಗೆ ಹೇಳಿರಲಾರರು. ಅಪ್ಪನೂ ದೊಡ್ಡಪ್ಪನೂ ಎದೆಗೆ ಎದೆ ತಾಗುವಷ್ಟು ಹತ್ತಿರ ನಿಂತಿದ್ದರು. ಇಬ್ಬರೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಿದ್ದರು. ಮೊದಲು ಕೈ ಎತ್ತಿದವನು ನ್ಯಾಯ ಕಳೆದುಕೊಂಡ ಎಂದು ಊರಿನಲ್ಲಿ ಹೇಳುತ್ತಾರಲ್ಲ, ಅದಕ್ಕೆ.

"ಗಂಡಸಾದ್ರೆ ಕೈ ಎತ್ತೋ ವೇಣು" ಎಂದರು ದೊಡ್ಡಪ್ಪ.

"ನೀನೇ ಎತ್ತಪ್ಪ. ದೊಡ್ಡೋನಲ್ವಾ, ಯಾವತ್ತೂ ಮೊದಲ್ನೇ ಪಾಲು ನಿಂದೇ" ಎಂದರು ಅಪ್ಪ.

ಸೊಪ್ಪು ಕೊಯ್ಯುತ್ತಿದ್ದ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಅಜ್ಜಿ ಮಾತ್ರ ದೂರದಿಂದಲೇ, ವದ್ದುರಾ, ವದ್ದುರಾ, ಬೇಡ ಕಂದಾ ಎಂದು ಇಬ್ಬರಿಗೂ ಕೈ ಮುಗಿಯುತ್ತಿದ್ದಳು. ನಾನು ಅಪ್ಪನ ಹಿಂದೆ ನಿಂತಿದ್ದೆ. ಅವರ ಒಂದು ಕೈಯ ಉಗುರು ಇನ್ನೊಂದು ಕೈಯ ಮಣಿಕಟ್ಟಿಗೆ ಇಳಿದು ರಕ್ತ ಬಂದಿತ್ತು. ಎಲ್ಲರೂ ಹೋದ ಮೇಲೆ ಬದುವಿನ ಪಕ್ಕದ ಕಡ್ಡಿ ರಾಶಿಯನ್ನು ಸರಿಸಿ ನೋಡಿದೆ. ಅದರಡಿ ನಾಲ್ಕು ದೊಣ್ಣೆ, ಹೊಸದಾಗಿ ಸಾಣೆ ಹಿಡಿಸಿದ ಒಂದು ಮಚ್ಚು. ರಾಶಿ ಹೇಗಿತ್ತೋ ಹಾಗೆ ಮುಚ್ಚಿ ಬಂದೆ. ಅಂದಿನಿಂದಲೇ ಗೇಮು ತೆರೆದಿಲ್ಲ. ನಿಮ್ಮ ಕಡೆಯ ಸಾಲಿನಲ್ಲೂ ಅಂಥದೊಂದು ರಾಶಿ ಇದೆ ಅಣ್ಣ. ಅದನ್ನು ಸರಿಸಿ ನೋಡಲು ನನಗೆ ಧೈರ್ಯ ಬರಲಿಲ್ಲ.

ಮೊದಲ ಏಟಿಗೆ ಕಾಯುವ ಈ ಉಪಾಯವನ್ನು ಅಪ್ಪನಿಗೆ ಹೇಳಿಕೊಟ್ಟವಳು ನಾನು.

ಹೋದ ತಿಂಗಳು ಅಪ್ಪ ಸಿಟ್ಟಿನಲ್ಲಿ ನಿಮ್ಮ ಮನೆಗೆ ನುಗ್ಗಲು ಹೊರಟಿದ್ದರು. ತಡೆಯಬೇಕಿತ್ತು. ಗೌರಿಬಿದನೂರಿನ ಕಾನೂನು ಅರಿವಿನ ಸಭೆಯಲ್ಲಿ ಕೊಂಡು ತಂದ ಕಿರುಹೊತ್ತಿಗೆ ತೆಗೆದು, ಆತ್ಮರಕ್ಷಣೆ ಪ್ರತಿಯೊಬ್ಬರ ಹಕ್ಕು, ಆದರೆ ಮೊದಲ ಏಟು ಅವರದಾಗಿರಬೇಕು ಎಂದು ಬಿಡಿಸಿ ಹೇಳಿದೆ. ಅರ್ಥವಾಗಲೆಂದು ಫೋನು ತೆಗೆದು ನಮ್ಮ ಬಿಲ್ಡನ್ನೇ ತೋರಿಸಿದೆ. ಕಾಯಬೇಕು, ಅಲ್ಲಾಡಬಾರದು, ಅವರು ಹೊಡೆದ ಕ್ಷಣ ಮೂರರಷ್ಟು ಹೊಡೆಯಬೇಕು. ಅಪ್ಪ ಫೋನನ್ನು ಕೈಗೆ ತೆಗೆದುಕೊಂಡು ಎರಡು ಸಲ ನೋಡಿದರು. ನನ್ನ ಓದನ್ನೆಲ್ಲ ಪುಸ್ತಕದ ಬದನೆಕಾಯಿ ಎಂದು ಆಡಿಕೊಳ್ಳುತ್ತಿದ್ದ ಮನುಷ್ಯ ಅಷ್ಟು ಹೊತ್ತು ನನ್ನ ಮಾತು ಕೇಳಿದ್ದು ಅದೇ ಮೊದಲು. ಆ ಖುಷಿಯಲ್ಲಿ ನಾನು ಮುಂದಿನ ಪುಟ ಓದಲಿಲ್ಲ.

ಮುಂದಿನ ಪುಟದಲ್ಲಿ ಬರೆದಿತ್ತು: ತಪ್ಪಿಸಿಕೊಳ್ಳಲು ಬೇಕಾದಷ್ಟು ಬಲ ಮಾತ್ರ ಬಳಸಬಹುದು, ಪೊಲೀಸರ ರಕ್ಷಣೆ ಕೇಳಲು ಸಮಯವಿದ್ದರೆ ಈ ಹಕ್ಕು ಸಿಗುವುದಿಲ್ಲ. ಮೊನ್ನೆ ಓಡಿಹೋಗಿ ಅದನ್ನೂ ಓದಿ ಹೇಳಿದೆ. ಅದೆಲ್ಲ ಆಮೇಲೆ ವಕೀಲರು ನೋಡಿಕೊಳ್ಳುತ್ತಾರೆ ಎಂದು ಅಪ್ಪ ಎದ್ದುಹೋದರು. ಅನ್ಯಾಯವನ್ನು ಎದುರಿಸಬೇಕು ಎಂದು ಊರೆಲ್ಲ ಹೇಳಿಕೊಂಡು ತಿರುಗಿದವಳು ನಾನು. ಅರ್ಧ ಓದಿದ್ದನ್ನು ಮನೆಯವರ ಕೈಗೆ ಮಚ್ಚಿನಂತೆ ಕೊಟ್ಟಿದ್ದೇನೆ.

ಸೋಮವಾರ ದೊಡ್ಡಪ್ಪನನ್ನು ಕೆಣಕಲು ಎದುರು ನಿಲ್ಲುವವಳು ನಾನೇ. ಯಾರೂ ಬಲವಂತ ಮಾಡಲಿಲ್ಲ. ತಪ್ಪು ಮಾಡಿದವರು ಮುಂದೆ ನಿಲ್ಲಬೇಕೆಂಬುದು ನನ್ನ ನಂಬಿಕೆ, ಹಾಗಾಗಿ ನಾನಾಗಿಯೇ ಒಪ್ಪಿಕೊಂಡೆ. ತೀರಿಹೋದ ದೊಡ್ಡಮ್ಮನ ಬಗ್ಗೆ ನಾನು ಒಂದು ಮಾತು ಆಡಬೇಕು. ಮಾತು ಸಿದ್ಧವಾಗಿದೆ. ಅದನ್ನು ಇಲ್ಲಿ ಬರೆಯಲಾರೆ. ಏಳು ವರ್ಷ ನನಗೆ ಜಡೆ ಹಾಕಿದವರು ನಿನ್ನ ಅಮ್ಮ. ಆ ಮಾತು ಕೇಳಿದರೆ ದೊಡ್ಡಪ್ಪ ಬೆನ್ನ ಹಿಂದಿನ ಕೈ ಬಿಚ್ಚಿಯೇ ಬಿಚ್ಚುತ್ತಾರೆ. ಕೇಳಿದರೆ ನೀನೂ ಸುಮ್ಮನಿರಲಾರೆ.

ಆಮೇಲೆ ಎರಡು ರಾಶಿಗಳೂ ಚೆದುರುತ್ತವೆ. ಅಲ್ಲಿಂದ ಮುಂದಕ್ಕೆ ಯೋಚಿಸಲಾರೆ. ಎರಡು ಕಡೆಯೂ ಕವಚವಿಲ್ಲ, ಔಷಧಿಯಿಲ್ಲ. ಸತ್ತವರು ಗೇಮಿನಂತೆ ಶಿಬಿರದಲ್ಲಿ ಮತ್ತೆ ಏಳುವುದಿಲ್ಲ.

ಇದರ ಜೊತೆ ಇನ್ನೊಂದು ಹಾಳೆ ಇದೆ. ಸರ್ವೆಯ ದಿನ ಇಬ್ಬರು ಪೊಲೀಸರನ್ನು ಕಳಿಸಿ ಎಂದು ಠಾಣೆಗೆ ಬರೆದ ಅರ್ಜಿ. ನನ್ನ ಸಹಿ ಹಾಕಿದ್ದೇನೆ. ಒಂದು ಮನೆಯವರೇ ಕೊಟ್ಟರೆ ಅದನ್ನು ಇನ್ನೊಂದು ಮನೆಯ ಮೇಲಿನ ದೂರೆಂದು ತಿಳಿಯುತ್ತಾರೆ. ನಿನ್ನ ಸಹಿಯೂ ಬಿದ್ದರೆ ಎರಡು ಮನೆಯವರೂ ಕೇಳಿದಂತಾಗುತ್ತದೆ. ಸಹಿ ಮಾಡಿ ನಾಳೆಯೇ ಕೊಡು. ಗೊತ್ತಾದರೆ ನಿಮ್ಮ ಮನೆಯಲ್ಲಿ ನೀನು ದ್ರೋಹಿ, ನಮ್ಮ ಮನೆಯಲ್ಲಿ ನಾನು. ಆಗಲಿ.

ಪೊಲೀಸರು ಬರದಿದ್ದರೆ ಒಂದು ಕೆಲಸ ಮಾಡು. ನಾನು ಬಾಯಿ ತೆರೆಯುವ ಮುಂಚೆಯೇ ದೊಡ್ಡಪ್ಪನ ಬಲಗೈಯನ್ನು ನಿನ್ನ ಎರಡೂ ಕೈಯಲ್ಲಿ ಹಿಡಿದುಕೊ. ನಾನು ಏನೇ ಅಂದರೂ ಬಿಡಬೇಡ. ನಾನು ಅನ್ನುವುದು ನನ್ನ ಮಾತಲ್ಲವೆಂದು ಈ ಕಾಗದ ಓದಿದ ನಿನಗೊಬ್ಬನಿಗೆ ಗೊತ್ತಿರುತ್ತದೆ.

ಸೋಮವಾರ ಮಧ್ಯಾಹ್ನದ ಹೊತ್ತಿಗೂ ನಿನ್ನ ತಂಗಿಯಾಗಿಯೇ ಉಳಿದಿರಬೇಕೆಂದು ಆಸೆಪಡುವ,

ಹರಿತಾ

ಮ.ವಿ.: ನಾನಾಗಿಯೇ ಒಪ್ಪಿಕೊಂಡೆ ಎಂದು ಮೇಲೆ ಬರೆದಿದ್ದೇನೆ. ಅದು ಸುಳ್ಳು. ಬರೆಯುವಾಗ ನಾಚಿಕೆಯಾಯಿತು, ಅಪ್ಪನ ಬಗ್ಗೆ. ಬುಧವಾರ ಬೆಳಿಗ್ಗೆ ಹುಳುಗಳಿಗೆ ಸೊಪ್ಪು ಹಾಕುತ್ತಾ ಅವರೇ ಹೇಳಿದರು: "ಹೆಣ್ಮಗು ಮೇಲೆ ಕೈ ಬಿದ್ರೆ ಕೇಸು ಗಟ್ಟಿ ಆಗ್ತದೆ ಕಣಮ್ಮ. ನೀನಿಲ್ದಿದ್ರೆ ನಿಮ್ಮಮ್ಮನ್ನ ನಿಲ್ಲಿಸ್ಬೇಕಾಗ್ತದೆ. ಒಂದೇ ಏಟು. ಆಮೇಲೆ ನಾವಿರ್ತೀವಿ." ಅಪ್ಪ ಹುಳುವಿನ ತಟ್ಟೆಯಿಂದ ತಲೆ ಎತ್ತಲಿಲ್ಲ. ನಾನು ಹೂಂ ಎಂದೆ. ದೊಡ್ಡಪ್ಪನ ಕೈಗೆ ನಾನು ಅಷ್ಟು ಹೆದರುತ್ತಿಲ್ಲ ಅಣ್ಣ. ಆ ಕೈ ನನ್ನ ಮೇಲೆ ಬೀಳಲೆಂದು ನನ್ನ ಬೆನ್ನ ಹಿಂದೆ ಕಾದು ನಿಂತಿರುತ್ತಾರಲ್ಲ, ಅವರಿಗೆ ಹೆದರುತ್ತಿದ್ದೇನೆ.